ಪಟ್ಟಿ ಬರೆದವರು: ದೆಹಲಿಯ ಹಕ್ಕಿ ವೀಕ್ಷಕರ ಮುಕ್ಕಾಲು ಶತಮಾನ

ದೆಹಲಿಯ ಇತಿಹಾಸವೆಂದರೆ ನಮ್ಮ ಮನಸ್ಸು ಕೂಡಲೇ ಕೋಟೆ, ಗೋರಿ, ದರ್ಬಾರುಗಳ ಕಡೆಗೆ ಹೋಗುತ್ತದೆ. ವರ್ಗವಾಗಿ ಬಂದು ಇಲ್ಲಿಯೇ ನೆಲೆನಿಂತ ನಮ್ಮಂಥವರು ಊರಿನಿಂದ ಬಂದ ನೆಂಟರನ್ನು ಕುತುಬ್ ಮಿನಾರಿಗೂ ಕೆಂಪುಕೋಟೆಗೂ ಎಷ್ಟು ಬಾರಿ ಕರೆದೊಯ್ದಿದ್ದೇವೆಯೋ ಲೆಕ್ಕವಿಲ್ಲ. ಇದೇ ನಗರಕ್ಕೆ ಇನ್ನೊಂದು ಇತಿಹಾಸವೂ ಇದೆ. ಅದನ್ನು ಬರೆದವರು ಆಸ್ಥಾನದ ಚರಿತ್ರಕಾರರಲ್ಲ. ಭಾನುವಾರ ಬೆಳಕು ಹರಿಯುವ ಮುನ್ನ ಮನೆಯಿಂದ ಹೊರಬಿದ್ದು, ಕೆರೆಯಂಚಿನಲ್ಲಿ ನಿಂತು, ಚಳಿಗೆ ಮರಗಟ್ಟಿದ ಬೆರಳುಗಳಿಂದ ಹಕ್ಕಿಗಳ ಹೆಸರನ್ನೂ ಸಂಖ್ಯೆಯನ್ನೂ ಗುರುತು ಹಾಕಿಕೊಂಡ ಹವ್ಯಾಸಿಗಳು. ಅವರಲ್ಲಿ ಸೇನಾಧಿಕಾರಿಗಳಿದ್ದರು, ರಾಯಭಾರಿಗಳಿದ್ದರು, ಪತ್ರಕರ್ತರಿದ್ದರು, ಗೃಹಿಣಿಯರಿದ್ದರು. ಮುಂದೆ ಪ್ರಧಾನಿಯಾದವರೂ ಒಬ್ಬರಿದ್ದರು.

ಈ ಪಟ್ಟಿಗಳ ಪರಂಪರೆ ಸಂಘಕ್ಕಿಂತ ಹಳೆಯದು. ಮುಂಬಯಿಯ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ನಿಯತಕಾಲಿಕದಲ್ಲಿ 1926ರಷ್ಟು ಹಿಂದೆಯೇ ಬೇಸಿಲ್-ಎಡ್ವರ್ಡ್ಸ್ ಎಂಬುವರು ದೆಹಲಿಯ ಹಕ್ಕಿಗಳನ್ನು ಕುರಿತು ಬರೆದಿದ್ದರು. ಹೊಸ ರಾಜಧಾನಿಯ ಕಟ್ಟಡಗಳು ಆಗಿನ್ನೂ ಮೇಲೇಳುತ್ತಿದ್ದ ಕಾಲವದು. 1947ರಲ್ಲಿ ಎನ್. ಎಫ್. ಫ್ರೋಮ್ ಅವರ ದೀರ್ಘ ಲೇಖನ ಅದೇ ನಿಯತಕಾಲಿಕದಲ್ಲಿ ಬಂತು. ದೇಶ ಇಬ್ಭಾಗವಾಗಿ, ಲಕ್ಷಾಂತರ ಜನ ನೆಲೆ ತಪ್ಪಿ ಈ ನಗರಕ್ಕೆ ಬಂದು ಬಿದ್ದ ವರ್ಷದಲ್ಲಿ ಹಕ್ಕಿಗಳ ಪಟ್ಟಿಯೊಂದು ಅಚ್ಚಾಯಿತೆಂಬುದನ್ನು ಓದುವಾಗ ಮೊದಲು ಸ್ವಲ್ಪ ಮುಜುಗರವೇ ಆಗುತ್ತದೆ. ಆದರೆ ನಿರಾಶ್ರಿತರ ವಸತಿಗಳಿಗಾಗಿ ಹೊಲ, ಬಯಲುಗಳೆಲ್ಲ ಕಾಲೊನಿಗಳಾಗಿ ಮಾರ್ಪಡುವ ಮುನ್ನ ಅಲ್ಲಿ ಏನಿತ್ತೆಂದು ತಿಳಿಯಬೇಕಾದರೆ ನಾವು ಇಂದು ತೆರೆಯಬೇಕಾದ ದಾಖಲೆಗಳಲ್ಲಿ ಅದೂ ಒಂದು.

ದೆಹಲಿ ಬರ್ಡ್ ವಾಚಿಂಗ್ ಸೊಸೈಟಿ ಹುಟ್ಟಿದ್ದು 1950ರಲ್ಲಿ, ಅಂದರೆ ಗಣರಾಜ್ಯದ ಓರಗೆಯಲ್ಲೇ. ಸ್ಥಾಪಕರಲ್ಲಿ ಮುಖ್ಯರಾದವರು ಹೊರೇಸ್ ಅಲೆಕ್ಸಾಂಡರ್. ಕ್ವೇಕರ್ ಪಂಥದ ಈ ಆಂಗ್ಲ ಮಹನೀಯರು ಗಾಂಧೀಜಿಯವರ ಆಪ್ತರು. 1947ರ ಆಗಸ್ಟಿನಲ್ಲಿ ಗಾಂಧೀಜಿ ಕಲಕತ್ತೆಯ ಬೇಲಿಯಾಘಾಟದ ಮನೆಯಲ್ಲಿ ಗಲಭೆಯ ನಡುವೆ ಶಾಂತಿಗಾಗಿ ಕುಳಿತಾಗ ಜೊತೆಗಿದ್ದವರಲ್ಲಿ ಇವರೂ ಒಬ್ಬರು. ಎಂಟು ವರ್ಷದ ಬಾಲಕನಾಗಿದ್ದಾಗಲೇ ಹತ್ತಿದ ಹಕ್ಕಿಗಳ ಹುಚ್ಚು ಅವರನ್ನು ಕೊನೆಯವರೆಗೂ ಬಿಡಲಿಲ್ಲ. ಗಾಂಧಿಯ ಸಂಗವೂ ಬೈನಾಕ್ಯುಲರಿನ ಸಂಗವೂ ಒಬ್ಬನೇ ಮನುಷ್ಯನಲ್ಲಿ ಇಷ್ಟು ಸಹಜವಾಗಿ ಹೊಂದಿಕೊಂಡದ್ದು ನಮಗೆ ಆಕಸ್ಮಿಕವೆನಿಸುವುದಿಲ್ಲ. ಎರಡಕ್ಕೂ ಬೇಕಾದದ್ದು ಕೋವಿಯಿಲ್ಲದೆ ನೋಡುವ ಅಭ್ಯಾಸ. ಅಲ್ಲಿಯವರೆಗೆ ಈ ದೇಶದಲ್ಲಿ ಹಕ್ಕಿಗಳನ್ನು ಬಲ್ಲವರೆಂದರೆ ಬಹುಮಟ್ಟಿಗೆ ಅವುಗಳನ್ನು ಹೊಡೆದುರುಳಿಸಿ ಚರ್ಮ ಸುಲಿದು ಪೆಟ್ಟಿಗೆಯಲ್ಲಿ ಜೋಡಿಸಿಟ್ಟವರೇ.

ಅಲೆಕ್ಸಾಂಡರ್ ಅವರ ಜೊತೆಗೂಡಿದವರು ಲೆಫ್ಟಿನೆಂಟ್ ಜನರಲ್ ಹೆರಾಲ್ಡ್ ವಿಲಿಯಮ್ಸ್. ಸ್ವಾತಂತ್ರ್ಯಾನಂತರವೂ 1955ರವರೆಗೆ ಭಾರತೀಯ ಸೇನೆಯ ಎಂಜಿನಿಯರ್-ಇನ್-ಚೀಫ್ ಆಗಿ ಮುಂದುವರಿದವರು. ಇನ್ನೊಬ್ಬ ಸೇನಾನಿ, ಮೇಜರ್ ಜನರಲ್ ಹಟ್ಸನ್, ಬರೆದ ‘ದಿ ಬರ್ಡ್ಸ್ ಅಬೌಟ್ ಡೆಲ್ಲಿ’ ಎಂಬ ಪುಸ್ತಕವನ್ನು 1954ರಲ್ಲಿ ಸಂಘವೇ ಪ್ರಕಟಿಸಿತು. ಬ್ರಿಟಿಷ್ ಹೈಕಮಿಷನರ್ ಆಗಿ ಬಂದ ಮಾಲ್ಕಮ್ ಮ್ಯಾಕ್‌ಡೊನಾಲ್ಡ್ ತಮ್ಮ ನಿವಾಸದ ತೋಟದಲ್ಲಿ ಗೂಡು ಕಟ್ಟಿದ ಹಕ್ಕಿಗಳ ಸಂಸಾರವನ್ನೇ ವಸ್ತುವಾಗಿಸಿಕೊಂಡು 1960ರಲ್ಲಿ ‘ಬರ್ಡ್ಸ್ ಇನ್ ಮೈ ಇಂಡಿಯನ್ ಗಾರ್ಡನ್’ ಹೊರತಂದರು. ಇಂಗ್ಲಿಷ್ ಸಾಹಿತ್ಯವನ್ನು ಓದಿಕೊಂಡ ನಮ್ಮಂಥವರಿಗೆ ಆ ಗದ್ಯದ ಸೊಗಸು ತಟ್ಟನೆ ಹಿಡಿಸುತ್ತದೆ. ಆದರೆ ಆ ತೋಟದ ವಿಸ್ತಾರವನ್ನೂ ನಮ್ಮ ಸರ್ಕಾರಿ ವಸತಿಗೃಹದ ಬಾಲ್ಕನಿಯನ್ನೂ ಹೋಲಿಸಿ ನೋಡಿದರೆ ಹಕ್ಕಿ ವೀಕ್ಷಣೆ ಆ ಕಾಲದಲ್ಲಿ ಎಂಥವರ ಹವ್ಯಾಸವಾಗಿತ್ತೆಂಬುದೂ ತಿಳಿಯುತ್ತದೆ.

ಅವರೆಲ್ಲರಿಗಿಂತ ನಮಗೆ ಹೆಚ್ಚು ಮುಖ್ಯರೆನಿಸುವವರು ಉಷಾ ಗಂಗೂಲಿ. ಯಾವ ಹುದ್ದೆಯೂ ಇಲ್ಲದೆ, ಪ್ರಾಣಿಶಾಸ್ತ್ರಜ್ಞೆ ಎಂಬ ಬಿರುದಿನ ಹಂಗೂ ಇಲ್ಲದೆ, ಈ ಮಹಿಳೆ ವರ್ಷಗಳ ಕಾಲ ದೆಹಲಿಯ ಗುಡ್ಡಸಾಲು, ಯಮುನೆಯ ಮರಳುದಿಣ್ಣೆ, ಸುತ್ತಲಿನ ಜೌಗುಗಳನ್ನು ಸುತ್ತಿದರು. ತಾವು ಕಂಡದ್ದನ್ನೂ ಸಂಘದ ಇತರರು ಕಂಡದ್ದನ್ನೂ ಒರೆಗೆ ಹಚ್ಚಿ ಕೂಡಿಸಿದರು. ಅವರ ‘ಎ ಗೈಡ್ ಟು ದಿ ಬರ್ಡ್ಸ್ ಆಫ್ ದಿ ಡೆಲ್ಲಿ ಏರಿಯಾ’ವನ್ನು ಭಾರತೀಯ ಕೃಷಿ ಸಂಶೋಧನಾ ಪರಿಷತ್ತು 1975ರಲ್ಲಿ ಪ್ರಕಟಿಸಿತು. ಅದು ಅಚ್ಚಾಗಿ ಬಂದಾಗ ಲೇಖಕಿ ಬದುಕಿರಲಿಲ್ಲ. ಸುಮಾರು 400 ಜಾತಿಗಳ ಆ ಪಟ್ಟಿ ಇಂದಿಗೂ ಅಳತೆಗೋಲು. ಯಾವ ಹಕ್ಕಿ ಇಲ್ಲಿ ಸಾಮಾನ್ಯವಾಗಿತ್ತು, ಯಾವುದು ಅಪರೂಪ, ಯಾವುದು ಯಾವ ತಿಂಗಳಲ್ಲಿ ಬಂದು ಯಾವಾಗ ಹೊರಡುತ್ತಿತ್ತು ಎಂಬ ಪ್ರಶ್ನೆ ಬಂದಾಗಲೆಲ್ಲ ಜನ ಆ ಪುಸ್ತಕಕ್ಕೇ ಮರಳುತ್ತಾರೆ. ಜಗತ್ತಿನ ರಾಜಧಾನಿಗಳಲ್ಲಿ ಹಕ್ಕಿಗಳ ವೈವಿಧ್ಯಕ್ಕೆ ನೈರೋಬಿಯ ನಂತರ ದೆಹಲಿಯೇ ಎಂದು ಪ್ರತಿ ಚಳಿಗಾಲವೂ ಪತ್ರಿಕೆಗಳು ಬರೆಯುತ್ತವೆ. ನಗರದ ಎಲ್ಲೆಯನ್ನು ಎಲ್ಲಿಗೆ ಎಳೆಯುತ್ತೇವೆ ಎಂಬುದರ ಮೇಲೆ ಬದಲಾಗುವ ಇಂಥ ಹೆಗ್ಗಳಿಕೆಗಿಂತ ಗಂಗೂಲಿಯವರ ಒಂದು ಪುಟ ಹೆಚ್ಚು ತೂಕದ್ದು.

ಇನ್ನು ಸುಲ್ತಾನಪುರದ ಕಥೆ. ದೆಹಲಿಯಿಂದ ಸುಮಾರು 50 ಕಿಲೋಮೀಟರ್ ದೂರದಲ್ಲಿ, ಗುರುಗ್ರಾಮದಿಂದ ಫರ್ರೂಖ್‌ನಗರಕ್ಕೆ ಹೋಗುವ ದಾರಿಯಲ್ಲಿರುವ ತಗ್ಗಿನ ಪ್ರದೇಶವಿದು. ನೆಲ ಉಪ್ಪು, ಬಾವಿಗಳ ನೀರೂ ಉಪ್ಪು. ಬ್ರಿಟಿಷರ ಕಾಲದಲ್ಲಿ ಇಲ್ಲಿನ ಹಳ್ಳಿಗಳು ಆ ನೀರನ್ನು ಎತ್ತುಗಳಿಂದ ಎತ್ತಿಸಿ, ಬಿಸಿಲಿಗೆ ಒಣಗಿಸಿ ಉಪ್ಪು ಮಾಡುತ್ತಿದ್ದವು. ಫರ್ರೂಖ್‌ನಗರಕ್ಕೆ 1870ರ ದಶಕದಲ್ಲಿ ರೈಲು ಬಂದದ್ದೇ ಆ ಉಪ್ಪನ್ನು ಸಾಗಿಸಲು. ಸಾಂಭರ್ ಸರೋವರದ ಉಪ್ಪಿನ ಪೈಪೋಟಿ ಮತ್ತು ಸರ್ಕಾರದ ತೆರಿಗೆ ಎರಡೂ ಸೇರಿ ಈ ಉದ್ಯಮವನ್ನು ಮುಗಿಸಿದವು. ಉಪ್ಪಿನವರು ಹೋದ ಮೇಲೆ ಉಳಿದದ್ದು ಮಳೆಗಾಲದಲ್ಲಿ ತುಂಬಿ, ಬೇಸಿಗೆಯಲ್ಲಿ ಬತ್ತುವ, ಯಾರಿಗೂ ಬೇಡವಾದ ಝೀಲ್. ಕಂದಾಯದ ಕಡತದಲ್ಲಿ ಇಂಥ ನೆಲಕ್ಕೆ ಒಂದೇ ಹೆಸರು: ಬಂಜರು.

ಆ ಬಂಜರಿನಲ್ಲಿ ಚಳಿಗಾಲ ಬಂತೆಂದರೆ ರಾಜಹಂಸ, ಹೆಜ್ಜಾರ್ಲೆ, ಪಟ್ಟೆತಲೆಯ ಹೆಬ್ಬಾತು, ಬಗೆಬಗೆಯ ಬಾತುಗಳು ಬಂದಿಳಿಯುವುದನ್ನು ಸಂಘದವರು ವರ್ಷವರ್ಷವೂ ನೋಡಿ ಬರೆದಿಟ್ಟಿದ್ದರು. ಆಗ ಸಂಘದ ಗೌರವ ಕಾರ್ಯದರ್ಶಿಯಾಗಿದ್ದವರು ಪೀಟರ್ ಜಾಕ್ಸನ್. 1953ರ ಎವರೆಸ್ಟ್ ಆರೋಹಣದ ಸುದ್ದಿಗಾಗಿ ರಾಯಿಟರ್ಸ್ ಸಂಸ್ಥೆ ಕಳಿಸಿದ್ದ ಪತ್ರಕರ್ತರು ಇವರೇ. ಮುಂದೆ ಹುಲಿ ಸಂರಕ್ಷಣೆಯಲ್ಲಿ ದೊಡ್ಡ ಹೆಸರಾದವರು. 1970ರ ಸುಮಾರಿಗೆ ಅವರು ಸುಲ್ತಾನಪುರವನ್ನು ಪಕ್ಷಿಧಾಮವಾಗಿಸಬೇಕೆಂದು ಪ್ರಧಾನಿಗೆ ಪತ್ರ ಬರೆದರು. ಪ್ರಧಾನಿ ಇಂದಿರಾ ಗಾಂಧಿಯವರು ಸಂಘದ ಸ್ಥಾಪಕ ಸದಸ್ಯೆ. ಸೆರೆಮನೆಯಲ್ಲಿದ್ದಾಗ ಸಲೀಂ ಅಲಿಯವರ ಹಕ್ಕಿಗಳ ಪುಸ್ತಕ ಕೈಗೆ ಬಂದು ಆಸಕ್ತಿ ಚಿಗುರಿತೆಂದು ಅವರೇ ನೆನೆದದ್ದುಂಟು. ಪತ್ರ ವ್ಯರ್ಥವಾಗಲಿಲ್ಲ. ಪ್ರಧಾನಿ ಹರಿಯಾಣದ ಮುಖ್ಯಮಂತ್ರಿ ಬನ್ಸಿ ಲಾಲ್ ಅವರಿಗೆ ಹೇಳಿದರು, ಬನ್ಸಿ ಲಾಲ್ ಅಧಿಕಾರಿಗಳಿಗೆ ಹೇಳಿದರು, 1971ರ ಏಪ್ರಿಲ್‌ನಲ್ಲಿ ಅಧಿಸೂಚನೆ ಹೊರಬಿತ್ತು.

ಕಡತಗಳ ನಡುವೆಯೇ ಬದುಕು ಸವೆಸುತ್ತಿರುವ ನಮಗೆ ಈ ಅಧಿಸೂಚನೆಯಲ್ಲಿ ಒಂದು ಸ್ವಾರಸ್ಯ ಕಾಣುತ್ತದೆ. ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದದ್ದು 1972ರಲ್ಲಿ. ಅದಕ್ಕೂ ಮುನ್ನ ಹರಿಯಾಣದ ಕೈಯಲ್ಲಿದ್ದದ್ದು ಪಂಜಾಬಿನಿಂದ ಬಳುವಳಿಯಾಗಿ ಬಂದ 1959ರ ಕಾಯ್ದೆ. ಹೊಸ ಕಾನೂನು ಬರಲಿ, ಸಮಿತಿ ರಚನೆಯಾಗಲಿ ಎಂದು ಕಾಯದೆ, ಇದ್ದ ಕಾನೂನಿನಲ್ಲೇ ಕೆಲಸ ಮುಗಿಸಿದರು. ಮೇಲಿನವರು ಬಯಸಿದರೆ ಕಡತ ಎಷ್ಟು ಬೇಗ ಓಡುತ್ತದೆಂಬುದಕ್ಕೆ ಇದು ಮಾದರಿ. 1991ರಲ್ಲಿ ಸುಲ್ತಾನಪುರ ರಾಷ್ಟ್ರೀಯ ಉದ್ಯಾನವಾಯಿತು, 2021ರಲ್ಲಿ ರಾಮ್ಸಾರ್ ತಾಣವೂ ಆಯಿತು. ನಡುವೆ ಮಣ್ಣಿನ ದಿಬ್ಬಗಳನ್ನೆಬ್ಬಿಸಿ ಜಾಲಿ ನೆಟ್ಟರು. ಈಗ ಮಳೆಗಾಲ ಮುಗಿಯುತ್ತಿದ್ದಂತೆ ಅವುಗಳ ಮೇಲೆ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ. ಮಳೆ ಸಾಲದ ವರ್ಷ ಕಾಲುವೆಯಿಂದ ನೀರು ತರಬೇಕು. ನಿಸರ್ಗದ ಕೊಡುಗೆಯಾಗಿದ್ದ ಝೀಲ್ ಈಗ ಇಲಾಖೆಯ ಜವಾಬ್ದಾರಿ.

ಆದರೆ ಪತ್ರ ಬರೆದು ಪಕ್ಷಿಧಾಮ ಪಡೆಯುವ ಈ ಹಾದಿಗೆ ಇನ್ನೊಂದು ಮುಖವಿದೆ, ಅದನ್ನು ಭರತಪುರ ತೋರಿಸಿತು. ದೆಹಲಿಯ ಹಕ್ಕಿಪ್ರಿಯರಿಗೆ ಅದು ತೀರ್ಥಕ್ಷೇತ್ರ. ಅಲ್ಲಿನ ಕಲ್ಲಿನ ಫಲಕಗಳಲ್ಲಿ ರಾಜರ ಬೇಟೆಯ ಲೆಕ್ಕ ಕೊರೆದಿದೆ: 1938ರ ನವೆಂಬರ್ 12ರಂದು ವೈಸ್‌ರಾಯ್ ಲಿನ್‌ಲಿತ್‌ಗೊ ಅವರ ತಂಡ ಹೊಡೆದ ಹಕ್ಕಿಗಳು 4,273. ಸಲೀಂ ಅಲಿಯಂಥವರ ಪ್ರಯತ್ನದಿಂದ ಆ ಬೇಟೆಯ ಬಯಲು ಪಕ್ಷಿಧಾಮವಾಗಿ, 1980ರ ದಶಕದ ಆರಂಭದಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಉದ್ಯಾನವೆಂದ ಮೇಲೆ ದನಕರು ಮೇಯಕೂಡದು. 1982ರಲ್ಲಿ ಸುತ್ತಲ ಹಳ್ಳಿಗಳ ಎಮ್ಮೆಗಳನ್ನು ಹೊರಗಟ್ಟಿದರು, ಹಳ್ಳಿಗರು ಪ್ರತಿಭಟಿಸಿದರು, ಗೋಲಿಬಾರ್ ಆಯಿತು, ಜನ ಸತ್ತರು. ಮುಂದಿನ ವರ್ಷಗಳಲ್ಲಿ ನಡೆದ ಮುಂಬಯಿ ಸೊಸೈಟಿಯ ದೀರ್ಘ ಅಧ್ಯಯನ ತೋರಿಸಿಕೊಟ್ಟದ್ದೇನು? ಎಮ್ಮೆಗಳು ಮೇಯದೆ ಹುಲ್ಲು ನೀರಿನ ಮೇಲೆಲ್ಲ ಹಬ್ಬಿ, ಬಾತುಗಳಿಗೆ ಬೇಕಾದ ತೆರೆದ ನೀರೇ ಕುಗ್ಗಿತೆಂದು. ಹಕ್ಕಿಗಳ ಹೆಸರಿನಲ್ಲಿ ಹಳ್ಳಿಗರನ್ನು ಹೊರಗಿಟ್ಟದ್ದು ಹಕ್ಕಿಗಳಿಗೂ ಒಳಿತಾಗಲಿಲ್ಲ. ಸೈಬೀರಿಯಾದ ಬಿಳಿ ಕ್ರೌಂಚಗಳು 2001-02ರ ಚಳಿಗಾಲದ ನಂತರ ಅಲ್ಲಿಗೆ ಬಂದಿಲ್ಲ. ಅದಕ್ಕೆ ಕಾರಣಗಳು ಅವುಗಳ ವಲಸೆಯ ದಾರಿಯಲ್ಲಿನ ಬೇಟೆ ಮುಂತಾಗಿ ಬೇರೆಯೇ ಇವೆ. ಆದರೂ ಆ ಜಾಗದ ಕಥೆ ಹೇಳುವಾಗ ಈ ನಷ್ಟವನ್ನು ಬಿಟ್ಟು ಹೇಳಲಾಗದು.

ಇಲ್ಲಿ ನಮಗೆ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು ನೆನಪಾಗದೆ ಇರದು. ಅಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಗೂಡು ಕಟ್ಟುವುದು ಮನೆಯ ಹಿತ್ತಲಿನ ಹುಣಸೆ, ಆಲದ ಮರಗಳಲ್ಲಿ. ಊರವರಿಗೆ ಅವು ಮನೆಗೆ ಬಂದ ಹೆಣ್ಣುಮಕ್ಕಳಿದ್ದಂತೆ. ಹಿಕ್ಕೆ ಗದ್ದೆಗೆ ಗೊಬ್ಬರ. ಯಾರೂ ಹೊರಹೋಗದೆಯೇ 2007ರಲ್ಲಿ ಅದು ಸಮುದಾಯ ಮೀಸಲು ಪ್ರದೇಶವಾಯಿತು. ಹಾಗೆಂದು ಮೈಸೂರಿನಲ್ಲಿ ಪತ್ರದ ಹಾದಿ ಇರಲಿಲ್ಲವೆಂದಲ್ಲ. ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆಗೆ ಬಂದ ಸಲೀಂ ಅಲಿಯವರ ಸಲಹೆಯಂತೆ ಅರಸರ ಸರ್ಕಾರ ರಂಗನತಿಟ್ಟನ್ನು 1940ರಲ್ಲಿ ಪಕ್ಷಿಧಾಮವೆಂದು ಘೋಷಿಸಿತ್ತು. ಎರಡೂ ಹಾದಿಗಳು ನಮ್ಮ ನಾಡಿನಲ್ಲಿವೆ, ಒಂದಕ್ಕೊಂದು ಹೆಚ್ಚು ದೂರವೂ ಇಲ್ಲ.

ಪಟ್ಟಿ ಬರೆಯುವುದರಿಂದ ಆಗುವುದಾದರೂ ಏನು ಎಂದು ನಮ್ಮ ಬಳಗದ ಹಿರಿಯರೊಬ್ಬರು ಆಗಾಗ ಕೇಳುತ್ತಾರೆ. ಅದಕ್ಕೆ ಉತ್ತರ ರಣಹದ್ದುಗಳು. ಸೋವಿಯತ್ ವಿಜ್ಞಾನಿ ಗಲುಶಿನ್ 1960ರ ದಶಕದಲ್ಲಿ ದೆಹಲಿಯ ಬೇಟೆಹಕ್ಕಿಗಳನ್ನು ಎಣಿಸಿ, ‘ಐಬಿಸ್’ ಪತ್ರಿಕೆಯಲ್ಲಿ 1971ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ ಇಷ್ಟು ದೊಡ್ಡ ನಗರದೊಳಗೆ ನೂರಾರು ಜೋಡಿ ರಣಹದ್ದುಗಳು ಗೂಡು ಕಟ್ಟಿದ್ದವು. ಬೀದಿಬದಿಯ ಮರಗಳಲ್ಲಿ, ತೋಟಗಳಲ್ಲಿ ಅವು ಇದ್ದವೆಂದು ಇಂದಿನ ಮಕ್ಕಳಿಗೆ ಹೇಳಿದರೆ ನಂಬುವುದಿಲ್ಲ. 1990ರ ದಶಕದಲ್ಲಿ ಅವು ಸಾಯತೊಡಗಿದಾಗ ಅನಾಹುತವನ್ನು ಗುರುತಿಸಲು ಸಾಧ್ಯವಾದದ್ದು ಭರತಪುರದಲ್ಲಿ ಹಿಂದಿನ ವರ್ಷಗಳ ಗೂಡುಗಳ ಲೆಕ್ಕ ಇದ್ದುದರಿಂದ. ದನಗಳಿಗೆ ಕೊಡುವ ಡೈಕ್ಲೋಫಿನ್ಯಾಕ್ ಎಂಬ ನೋವುನಿವಾರಕವೇ ಕಾರಣವೆಂದು 2004ರಲ್ಲಿ ಸಾಬೀತಾಯಿತು, 2006ರಲ್ಲಿ ಪಶುಚಿಕಿತ್ಸೆಯಲ್ಲಿ ಅದನ್ನು ನಿಷೇಧಿಸಲಾಯಿತು. ಅಷ್ಟರಲ್ಲಿ ಬಿಳಿಬೆನ್ನಿನ ರಣಹದ್ದು ದೇಶದಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಪಾಲಿಗೂ ಹೆಚ್ಚು ನಾಶವಾಗಿತ್ತು. ಇದ್ದದ್ದನ್ನು ಯಾರೂ ಎಣಿಸಿಡದಿದ್ದರೆ ಹೋದದ್ದನ್ನು ತೋರಿಸುವುದು ಹೇಗೆ?

ಹಳೆಯ ಸಂಘದ ಕಾಲ ಮುಗಿದು, 2000ದ ನಂತರ ಬಂದ ಹೊಸ ಪೀಳಿಗೆ ಬೇರೆಯೇ ಬಗೆಯದು. ಡಿಜಿಟಲ್ ಕ್ಯಾಮೆರಾ ಅಗ್ಗವಾಯಿತು, ಹೊಸ ಕೈಪಿಡಿಗಳು ಬಂದವು. 2004ರಿಂದ ‘ಬಿಗ್ ಬರ್ಡ್ ಡೇ’ ಆರಂಭವಾಯಿತು: ಚಳಿಗಾಲದ ಒಂದು ದಿನ ತಂಡತಂಡವಾಗಿ ಹರಡಿಕೊಂಡು ಬೆಳಗಿನಿಂದ ಸಂಜೆಯವರೆಗೆ ಕಂಡ ಜಾತಿಗಳನ್ನೆಲ್ಲ ಲೆಕ್ಕ ಹಾಕುವುದು. ಇದರಲ್ಲಿ ಪಂದ್ಯದ ಹುಮ್ಮಸ್ಸಿದೆ, ಅದು ನಮಗೆ ಅಷ್ಟಾಗಿ ರುಚಿಸದು. 1987ರಿಂದ ಪ್ರತಿ ಜನವರಿಯಲ್ಲಿ ನಡೆಯುವ ಏಷ್ಯಾದ ನೀರುಹಕ್ಕಿಗಳ ಗಣತಿ ಹೆಚ್ಚು ಮನಸ್ಸಿಗೆ ಹತ್ತಿರ. ಅಲ್ಲಿ ಹೊಸ ಜಾತಿಯ ಬೇಟೆಯಿಲ್ಲ. ಅದೇ ಕೆರೆ, ಅದೇ ವಾರ, ಅವೇ ಬಾತುಗಳು. ಸಾವಿರಾರು ಹಕ್ಕಿಗಳ ಹಿಂಡನ್ನು ಒಂದೊಂದಾಗಿ ಎಣಿಸಲಾಗದು. ಮೊದಲು ಹತ್ತನ್ನು ಎಣಿಸಿ, ಆ ಹತ್ತು ಎಷ್ಟು ಜಾಗ ಹಿಡಿಯುತ್ತದೆಂದು ಕಣ್ಣಿಗೆ ಅಭ್ಯಾಸ ಮಾಡಿಸಿ, ಅದೇ ಅಳತೆಯಲ್ಲಿ ಹಿಂಡನ್ನೆಲ್ಲ ಅಳೆಯುತ್ತಾ ಹೋಗಬೇಕು. ಒಂದು ಹದ್ದು ಮೇಲೆ ಹಾದರೆ ಸಾಕು, ಹಿಂಡೆಲ್ಲ ಎದ್ದು, ಲೆಕ್ಕ ಮತ್ತೆ ಮೊದಲಿನಿಂದ.

ಸುಲ್ತಾನಪುರಕ್ಕೆ ಸಿಕ್ಕ ಅದೃಷ್ಟ ಹೊಸಬರ ಕೆರೆಗಳಿಗೆ ಸಿಗಲಿಲ್ಲ. ಯಮುನೆಗೆ ಓಖ್ಲಾದಲ್ಲಿ ಹೊಸ ಬ್ಯಾರೇಜು ಕಟ್ಟಿದಾಗ ಹಿಂದೆ ನಿಂತ ನೀರಿನಲ್ಲಿ ಹಕ್ಕಿಗಳು ನೆರೆದವು. 1990ರಲ್ಲಿ ಉತ್ತರ ಪ್ರದೇಶ ಸರ್ಕಾರ ಅದನ್ನು ಪಕ್ಷಿಧಾಮವೆಂದು ಸಾರಿತು. ಅದರ ಸುತ್ತ ನೊಯ್ಡಾದ ಬಹುಮಹಡಿಗಳು ಎದ್ದವು. 2013ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಹತ್ತು ಕಿಲೋಮೀಟರ್ ವ್ಯಾಪ್ತಿಯ ಕಟ್ಟಡಗಳಿಗೆ ತಡೆ ಒಡ್ಡಿದಾಗ ಸಾವಿರಾರು ಕುಟುಂಬಗಳ ಮನೆಯ ಕನಸು ತೂಗುಯ್ಯಾಲೆಯಾಯಿತು. ಉಳಿತಾಯವನ್ನೆಲ್ಲ ಸುರಿದು ಕಂತು ಕಟ್ಟುತ್ತಿದ್ದವರಲ್ಲಿ ಕನ್ನಡಿಗರೂ ಇದ್ದರು. ಅವರ ಮುಂದೆ ಹಕ್ಕಿಗಳ ಪರ ಮಾತನಾಡುವುದು ಸುಲಭವಾಗಿರಲಿಲ್ಲ. ಕೊನೆಗೆ 2015ರ ಆಗಸ್ಟಿನಲ್ಲಿ ಬಂದ ಅಧಿಸೂಚನೆ ಸೂಕ್ಷ್ಮ ವಲಯವನ್ನು ಮೂರು ದಿಕ್ಕಿಗೆ 100 ಮೀಟರಿಗೂ ಉತ್ತರಕ್ಕೆ 1.27 ಕಿಲೋಮೀಟರಿಗೂ ಇಳಿಸಿತು. ಮನೆಗಳು ಉಳಿದವು. ನೂರು ಮೀಟರೆಂದರೆ ಎಷ್ಟು ಎಂದು ತಿಳಿಯಬೇಕಾದವರು ಅಲ್ಲಿನ ದಂಡೆಯ ಮೇಲೆ ನಿಂತು ತಲೆಯೆತ್ತಿ ನೋಡಿದರೆ ಸಾಕು.

ಬಸಾಯಿಯ ಪಾಡು ಅದಕ್ಕಿಂತ ಕಷ್ಟ. ಗುರುಗ್ರಾಮದ ಅಂಚಿನ ಈ ಜೌಗು ಹಕ್ಕಿಗಳ ಪ್ರಮುಖ ತಾಣಗಳ ಪಟ್ಟಿಯಲ್ಲಿದೆ, ಆದರೆ ರಾಜಪತ್ರದಲ್ಲಿಲ್ಲ. ಅದರ ನೀರಿನಲ್ಲಿ ನಗರದ ಕೊಳಚೆಯ ಪಾಲೂ ಇದೆ. ಅಲ್ಲಿಯೇ ಕಟ್ಟಡ ತ್ಯಾಜ್ಯ ಸಂಸ್ಕರಣೆಯ ಘಟಕವೊಂದು ಬರುವುದೆಂದಾಗ ದೆಹಲಿ ಬರ್ಡ್ ಫೌಂಡೇಶನ್ ಹಸಿರು ನ್ಯಾಯಮಂಡಳಿಯ ಬಾಗಿಲು ತಟ್ಟಿತು. ದಶಕಗಳಿಂದ ಕೂಡಿಬಂದ ಹಕ್ಕಿಪಟ್ಟಿಗಳೇ ಅವರ ಆಸ್ತಿ. ಕೊಳಚೆಯಿಂದ ತುಂಬಿದ್ದು ಕೆರೆಯೇ ಎಂಬ ಪ್ರಶ್ನೆ ಎದುರಾದರೆ ಹಕ್ಕಿಗಳಂತೂ ಆ ಭೇದ ಎಣಿಸುವುದಿಲ್ಲ. 2017ರ ಜೌಗುಪ್ರದೇಶ ನಿಯಮಗಳು ನೀರಾವರಿಗೆಂದು, ಕುಡಿಯುವ ನೀರಿಗೆಂದು ಮನುಷ್ಯ ಕಟ್ಟಿದ ಜಲಾಶಯಗಳನ್ನು ತಮ್ಮ ವ್ಯಾಪ್ತಿಯಿಂದ ಹೊರಗಿಟ್ಟಿವೆ. ಕರ್ನಾಟಕದವರು ಇದನ್ನು ಎರಡು ಬಾರಿ ಓದಬೇಕು. ನಮ್ಮ ಕೆರೆಗಳೆಲ್ಲ ಒಡ್ಡು ಹಾಕಿ ಕಟ್ಟಿದವೇ ಅಲ್ಲವೆ? ಗದಗ ಜಿಲ್ಲೆಯ ಮಾಗಡಿ ಕೆರೆಗೆ ಪ್ರತಿ ಚಳಿಗಾಲ ಸುಮಾರು 8,000 ಪಟ್ಟೆತಲೆಯ ಹೆಬ್ಬಾತುಗಳು ಹಿಮಾಲಯ ದಾಟಿ ಬರುತ್ತವೆ. ಮಾಗಡಿಯೂ ಅಂಕಸಮುದ್ರವೂ ನೀರಾವರಿಯ ಕೆರೆಗಳೇ, 2024ರಲ್ಲಿ ರಾಮ್ಸಾರ್ ಮನ್ನಣೆ ಪಡೆದವು. ಸುಲ್ತಾನಪುರದಲ್ಲಿ ನಾವು ನೋಡುವುದು ಅದೇ ಜಾತಿಯ, ಇನ್ನೂ ದಕ್ಷಿಣಕ್ಕೆ ಹೋಗದೆ ಇಲ್ಲಿಯೇ ಇಳಿದ ಹೆಬ್ಬಾತುಗಳನ್ನು.

ಭಾನುವಾರದ ನಡಿಗೆಗಳಲ್ಲಿ ಈಗ ಎಲ್ಲ ಬಗೆಯ ಜನರೂ ಇರುತ್ತಾರೆ. ಬೈನಾಕ್ಯುಲರ್ ಇಲ್ಲದವರಿಗೆ ಪಕ್ಕದವರು ಕೊಡುತ್ತಾರೆ. ಗೂಡಿನ ಹತ್ತಿರ ಧ್ವನಿಮುದ್ರಿಕೆ ನುಡಿಸಿ ಹಕ್ಕಿಯನ್ನು ಕರೆಯಬಾರದು, ಗೂಬೆ ಕೂತ ಮರವನ್ನು ಊರಿಗೆಲ್ಲ ಸಾರಬಾರದು ಎಂಬಂಥ ಕಟ್ಟಳೆಗಳನ್ನು ಹಳಬರು ಹೊಸಬರಿಗೆ ನಡೆಯುತ್ತಲೇ ದಾಟಿಸುತ್ತಾರೆ. ಭಾಷೆ ಮಾತ್ರ ಇಂದಿಗೂ ಬಹುಪಾಲು ಇಂಗ್ಲಿಷೇ. ನಮ್ಮ ಬಳಗದವರು ಹೋದಾಗ ಪೂರ್ಣಚಂದ್ರ ತೇಜಸ್ವಿಯವರ ‘ಕನ್ನಡ ನಾಡಿನ ಹಕ್ಕಿಗಳು’ ಒಂದು ಪ್ರತಿ ಚೀಲದಲ್ಲಿರುತ್ತದೆ. ಮಕ್ಕಳು ಅದರಿಂದ ಗೊರವಂಕ, ಮಡಿವಾಳ, ಪಿಕಳಾರ, ಟಿಟ್ಟಿಭಗಳ ಹೆಸರನ್ನು ಹುಡುಕಿ ಕೂಗುತ್ತಾರೆ. ದೆಹಲಿಯಲ್ಲೇ ಹುಟ್ಟಿ ಬೆಳೆದ ಆ ಮಕ್ಕಳಿಗೆ ಕನ್ನಡದಲ್ಲಿ ಹೆಸರಿಟ್ಟು ಕರೆಯಲು ಕಣ್ಣೆದುರೇ ಇರುವ ವಸ್ತುಗಳು ಹೆಚ್ಚಿಲ್ಲ, ಇವು ಇವೆ.

ದೊಡ್ಡವರಿಗೂ ಒಂದು ಪಾಠ ಕಾದಿತ್ತು. ಹಳಗನ್ನಡ ಕಾವ್ಯ ಓದಿದವರೆಲ್ಲ ಜಕ್ಕವಕ್ಕಿಯನ್ನು ಬಲ್ಲರು. ಇರುಳು ಬಂದೊಡನೆ ಅಗಲುವ, ವಿರಹಕ್ಕೆ ಉಪಮಾನವಾಗುವ ಚಕ್ರವಾಕ. ಅದು ಕವಿಸಮಯದಲ್ಲಿ ಮಾತ್ರ ಇರುವ ಹಕ್ಕಿಯೆಂದೇ ನಮ್ಮಲ್ಲಿ ಕೆಲವರು ತಿಳಿದಿದ್ದರು. ಓಖ್ಲಾದ ನೀರಂಚಿನಲ್ಲಿ ಚಳಿಗಾಲದ ಬೆಳಗ್ಗೆ ಕಿತ್ತಳೆಗೆಂಪು ಮೈಯ, ತಿಳಿಬಣ್ಣದ ತಲೆಯ ಬಾತುಗಳು ಜೋಡಿಜೋಡಿಯಾಗಿ ಕುಳಿತಿರುತ್ತವೆ. ಇಲ್ಲಿಯವರು ಅದನ್ನು ಸುರ್ಖಾಬ್ ಎನ್ನುತ್ತಾರೆ. ಯಾರಾದರೂ ತಮ್ಮನ್ನು ತಾವು ವಿಶೇಷವೆಂದು ಬಗೆದರೆ ‘ಇವನಿಗೇನು ಸುರ್ಖಾಬಿನ ಗರಿ ಇದೆಯೇ’ ಎಂದು ಹಿಂದಿಯಲ್ಲಿ ಹಂಗಿಸುವುದೂ ಇದರ ಹೆಸರಿನಲ್ಲೇ. ಅದೇ ನಮ್ಮ ಜಕ್ಕವಕ್ಕಿ. ಅಗಲಿಕೆಯ ಲಕ್ಷಣವೇನೂ ನಮಗೆ ಕಾಣಲಿಲ್ಲ. ಬೆಳಗಿನ ಒಂಬತ್ತು ಗಂಟೆಯ ಹೊತ್ತಿಗೆ ಬಹುಪಾಲು ನಿದ್ದೆ ಮಾಡುತ್ತಿದ್ದವು.

ನೋಡಬಯಸುವವರಿಗೆ ದಾರಿ ಸುಲಭ. ಮೆಟ್ರೋದ ಮೆಜೆಂಟಾ ಮಾರ್ಗದಲ್ಲಿ 2017ರ ಕೊನೆಯಿಂದ ‘ಓಖ್ಲಾ ಬರ್ಡ್ ಸ್ಯಾಂಕ್ಚುರಿ’ ಎಂಬ ನಿಲ್ದಾಣವೇ ಇದೆ. ಡಿಸೆಂಬರಿನಿಂದ ಫೆಬ್ರವರಿಯೊಳಗೆ ಹೋಗಬೇಕು. ಮಂಜು ದಟ್ಟವಾಗಿದ್ದ ದಿನ ಮೊದಲ ಒಂದು ಗಂಟೆ ಏನೂ ಕಾಣುವುದಿಲ್ಲ, ನೀರಿನ ಕಡೆಯಿಂದ ಸದ್ದು ಮಾತ್ರ ಬರುತ್ತಿರುತ್ತದೆ. ಬಿಸಿ ಚಹಾದ ಫ್ಲಾಸ್ಕನ್ನು ಆ ಗಂಟೆಗೆಂದೇ ಉಳಿಸಿಕೊಂಡರೆ ಒಳ್ಳೆಯದು.